ಲಕೋಟೆಯೊಳಗಿನ ಚೀಟಿ

ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷವಾಯಿತು. ಸಪ್ಪೆ ಊಟ, ಎರಡು ಹೊತ್ತಿನ ಮಾತ್ರೆ, ಎಲ್ಲಕ್ಕೂ ಒಗ್ಗಿಕೊಂಡವರು ಪಾದದ ಉರಿಗೆ ಮಾತ್ರ ಸೋತಿದ್ದರು. ರಾತ್ರಿ ಹತ್ತಾಯಿತೆಂದರೆ ಅಂಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಬಕೆಟ್ಟಿನಲ್ಲಿ ತಣ್ಣೀರು ತುಂಬಿಸಿ ಕಾಲಿಳಿಬಿಟ್ಟುಕೊಂಡು ಕೂರುತ್ತಿದ್ದರು. ಹೋದ ವರ್ಷ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಅವರ ಪಕ್ಕ ಬಂದು ಕೂತು, ಪಾದದ ಉರಿಗೆ ಒಂದು ಹೊಸ ಮಾತ್ರೆಯ ಟ್ರಯಲ್ ನಡೆಯುತ್ತಿದೆ, ಈಗ ತೆಗೆದುಕೊಳ್ಳುತ್ತಿರುವ ಯಾವ ಔಷಧವನ್ನೂ ಬಿಡಬೇಕಾಗಿಲ್ಲ, ಅದರ ಜೊತೆಗೆ ಇದು, ಸೇರುತ್ತೀರಾ ಎಂದು ಕೇಳಿದರು. ಕನ್ನಡದಲ್ಲೇ ಅಚ್ಚಾಗಿದ್ದ ಒಪ್ಪಿಗೆ ಪತ್ರವನ್ನು ನಿಧಾನವಾಗಿ ಓದಿ ಹೇಳಿದರು. ಅರ್ಧ ಜನಕ್ಕೆ ಹೊಸ ಮಾತ್ರೆ, ಉಳಿದರ್ಧ ಜನಕ್ಕೆ ನೋಡಲು ಹಾಗೆಯೇ ಇರುವ, ಔಷಧವೇ ಇಲ್ಲದ ಮಾತ್ರೆ.

"ನಂಗೆ ಯಾವುದು ಕೊಡ್ತೀರಪ್ಪ?"

"ಅದು ನಮಗೂ ಗೊತ್ತಿರಲ್ಲಮ್ಮ."

"ಕೊಡೋರೇ ನೀವು. ನಿಮಗೇ ಗೊತ್ತಿರಲ್ವಾ?"

"ಇಲ್ಲಮ್ಮ. ಡಬ್ಬಿ ಮೇಲೆ ಬರೀ ನಂಬರ್ ಇರತ್ತೆ. ನಮಗೆ ಗೊತ್ತಾಗಬಾರದು ಅಂತಲೇ ಹಾಗೆ ಮಾಡಿರೋದು."

ದೊಡ್ಡಮ್ಮ ಯೋಚಿಸಿ ಹೇಳ್ತೀನಿ ಎಂದು ಎದ್ದು ಬಂದರು. ವಾಪಸು ಬರುವಾಗ ಬಸ್ಸಿನಲ್ಲಿ, "ಗೊತ್ತಿಲ್ಲ ಅನ್ನೋ ಡಾಕ್ಟರನ್ನ ಇದೇ ಮೊದಲು ನೋಡಿದ್ದು ಕಣೋ. ಗೊತ್ತಾಗಬಾರದು ಅಂತಾನೂ ಅಂತಾರಲ್ಲ, ಅದ್ಯಾಕೆ?" ಎಂದರು. ನಮ್ಮ ಸ್ಟಾಪು ಬರುವುದರೊಳಗೆ ನಾನು ಹೇಳಿ ಮುಗಿಸಲಾಗಲಿಲ್ಲ. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಮೊದಲಿಗೆ, ಡಾಕ್ಟರು ಕಣ್ಣಾರೆ ಕಂಡದ್ದು ಸಾಲದೇ ಎಂಬ ಪ್ರಶ್ನೆ. ಮಾತ್ರೆ ಕೊಟ್ಟರು, ಉರಿ ಇಳಿಯಿತು, ಇನ್ನೇನು ಬೇಕು? ಆದರೆ ಪಾದದ ಉರಿ ದಿನವೂ ಒಂದೇ ಮಟ್ಟದಲ್ಲಿರುವುದಿಲ್ಲ. ತಡೆಯಲಾರದಷ್ಟು ಹೆಚ್ಚಾದ ವಾರವೇ ನಾವು ಆಸ್ಪತ್ರೆಗೆ ಹೋಗುವುದು. ಏರಿದ್ದು ತಾನಾಗಿಯೇ ಸ್ವಲ್ಪ ಇಳಿಯುವ ಹೊತ್ತಿಗೆ ಮಾತ್ರೆ ಕೈಗೆ ಬಂದಿರುತ್ತದೆ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅಂಥ ಕಾಗೆಗಳು ಲೆಕ್ಕವಿಲ್ಲದಷ್ಟಿವೆ. ಶತಮಾನಗಟ್ಟಲೆ ರೋಗಿಗಳ ರಕ್ತ ಬಸಿದವರು ಕಟುಕರಲ್ಲ. ರಕ್ತ ಬಸಿದ ಮೇಲೆ ಚೇತರಿಸಿಕೊಂಡವರನ್ನು ಅವರು ನಿಜವಾಗಿಯೂ ಕಂಡಿದ್ದರು. ಬಸಿಯದೇ ಇದ್ದಿದ್ದರೆ ಅದೇ ರೋಗಿ ಏನಾಗುತ್ತಿದ್ದ ಎಂಬುದನ್ನು ಮಾತ್ರ ಕಂಡಿರಲಿಲ್ಲ. ಅದನ್ನು ಯಾರೂ ಕಾಣಲಾರರು. ಒಬ್ಬ ಮನುಷ್ಯ ಮಾತ್ರೆಯನ್ನು ನುಂಗಿಯೂ ನುಂಗದೆಯೂ ಇರಲು ಬರುವುದಿಲ್ಲವಲ್ಲ. ಆದ್ದರಿಂದ ಅವನಿಗೆ ಸಾಟಿಯಾಗಿ ಇನ್ನೊಬ್ಬನನ್ನು ಹುಡುಕಬೇಕು, ಅಥವಾ ಒಂದು ಗುಂಪಿಗೆ ಸಾಟಿಯಾದ ಇನ್ನೊಂದು ಗುಂಪನ್ನು.

ಆ ಎರಡು ಗುಂಪುಗಳನ್ನು ಮಾಡುವ ಬಗೆಯಲ್ಲೇ ಕ್ಲಿನಿಕಲ್ ಟ್ರಯಲ್‌ನ ಪ್ರಾಣವಿದೆ. ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ 1947ರ ಬ್ರಿಟನ್ನಿನದು.

ಅಲ್ಲಿಯವರೆಗೆ ಅಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ಹಾಸಿಗೆ, ಗಾಳಿ, ಒಳ್ಳೆಯ ಊಟ, ಕೆಲವರಿಗೆ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವ ಶಸ್ತ್ರಕ್ರಿಯೆ, ಇಷ್ಟೇ. ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ 1943ರಲ್ಲಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ತೆಗೆದಿದ್ದರು. ಯುದ್ಧದಿಂದ ಬರಿಗೈಯಾಗಿದ್ದ ಬ್ರಿಟನ್ನಿಗೆ ಅದನ್ನು ಡಾಲರ್ ಕೊಟ್ಟು ಬೇಕಾದಷ್ಟು ಕೊಳ್ಳುವ ಶಕ್ತಿ ಇರಲಿಲ್ಲ. ಸಿಕ್ಕಿದ್ದು ಸ್ವಲ್ಪ. ಕ್ಷಯ ಮಿದುಳಿನ ಪೊರೆಗೆ ಹತ್ತಿದವರು, ಮೈಯೆಲ್ಲ ಹರಡಿದವರು ಔಷಧವಿಲ್ಲದಿದ್ದರೆ ಸಾಯುವುದು ಖಚಿತವಾಗಿತ್ತು. ಅವರ ಪಾಲನ್ನು ಮೊದಲೇ ಎತ್ತಿಟ್ಟರು, ಅಲ್ಲಿ ಹೋಲಿಕೆಯ ಮಾತೇ ಇಲ್ಲ. ಉಳಿದದ್ದನ್ನು ಶ್ವಾಸಕೋಶದ ಕ್ಷಯದವರಿಗೆ ಕೊಡಬೇಕು. ಸಾವಿರಾರು ರೋಗಿಗಳು, ಹಿಡಿಯಷ್ಟು ಮದ್ದು. ಯಾರಿಗೆ ಕೊಡುವುದು?

ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರಿದ್ದರು. ಡಾಕ್ಟರಾಗಬೇಕೆಂದಿದ್ದವರು ಅವರು. ಮೊದಲನೆಯ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ಹಾರಿಸಲು ಹೋಗಿ ಕ್ಷಯ ಅಂಟಿಸಿಕೊಂಡು ಬಂದು ಹಾಸಿಗೆ ಹಿಡಿದರು. ವೈದ್ಯ ವಿದ್ಯೆಯ ಆಸೆ ಅಲ್ಲಿಗೆ ಮುಗಿಯಿತು. ಮಲಗಿದಲ್ಲೇ ಅಂಚೆ ಮೂಲಕ ಅರ್ಥಶಾಸ್ತ್ರ ಓದಿ ಅಂಕಿಸಂಖ್ಯೆಯ ಕಡೆಗೆ ಬಂದರು. ಕ್ಷಯರೋಗಿಯ ಹಾಸಿಗೆಯ ಮೇಲಿಂದ ಜಗತ್ತು ಹೇಗೆ ಕಾಣುತ್ತದೆಂದು ಅನುಭವದಿಂದ ಬಲ್ಲವರೇ ಆ ಟ್ರಯಲ್‌ನ ನಕ್ಷೆ ಹಾಕಿದರು ಎಂಬುದು ನನ್ನನ್ನು ಬಹಳವಾಗಿ ತಟ್ಟಿದ ಸಂಗತಿ.

ಹಿಲ್ ಮಾಡಿದ್ದು ಇಷ್ಟು. ಅಚ್ಚಾದ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕ ನೋಡಿ ಪ್ರತಿ ಆಸ್ಪತ್ರೆಗೂ, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆಯಾಗಿ ಪಟ್ಟಿ ತಯಾರಿಸಿದರು. ಒಂದೊಂದು ಚೀಟಿಯಲ್ಲಿ ಔಷಧದ ಗುಂಪೋ ಬರೀ ವಿಶ್ರಾಂತಿಯ ಗುಂಪೋ ಎಂದು ಬರೆದು ಲಕೋಟೆಗೆ ಹಾಕಿ ಅಂಟಿಸಲಾಯಿತು. ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರು, ಒಂದು ನಂಬರು, ಅಷ್ಟೇ. ರೋಗಿಯ ಎಕ್ಸ್‌ರೇ, ವಯಸ್ಸು ಎಲ್ಲ ನೋಡಿ ತಜ್ಞರ ಮಂಡಳಿ ಈ ರೋಗಿ ಟ್ರಯಲ್‌ಗೆ ತಕ್ಕವರು ಎಂದು ಒಪ್ಪಿದ ಮೇಲಷ್ಟೇ ಕೇಂದ್ರ ಕಚೇರಿಯಲ್ಲಿ ಆ ನಂಬರಿನ ಲಕೋಟೆ ಒಡೆಯುತ್ತಿದ್ದರು. ಈ ಕ್ರಮ ಬಹಳ ಮುಖ್ಯ. ಮೊದಲು ಒಪ್ಪಿಗೆ, ಆಮೇಲೆ ಲಕೋಟೆ. ಲಕೋಟೆಯಲ್ಲಿ ಏನಿದೆಯೆಂದು ಮೊದಲೇ ಗೊತ್ತಿದ್ದರೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ತೀರ್ಮಾನವೇ ಬದಲಾಗಿಬಿಡುತ್ತದೆ.

ಇದನ್ನು ಹಿಲ್ ಕಲಿತದ್ದು ಹಿಂದಿನ ಅನುಭವದಿಂದ. 1930ರ ದಶಕದಲ್ಲಿ ನ್ಯುಮೋನಿಯಾದ ಸೀರಮ್ ಪರೀಕ್ಷಿಸುವಾಗ ಒಬ್ಬರು ಬಿಟ್ಟು ಒಬ್ಬರಿಗೆ ಎಂಬ ಕ್ರಮವಿತ್ತು. ನೋಡಲು ನ್ಯಾಯವಾಗಿದೆ. ಆದರೆ ಮುಂದಿನ ಸರದಿ ಯಾವುದೆಂದು ವಾರ್ಡಿನ ಡಾಕ್ಟರಿಗೆ ಗೊತ್ತು. ಈಗ ಬಂದ ಹುಡುಗ ತೀರಾ ಏದುಸಿರು ಬಿಡುತ್ತಿದ್ದಾನೆ, ಮುಂದಿನ ಸರದಿ ಸೀರಮ್ ಇಲ್ಲದ್ದು ಎಂದಾದರೆ ಕರುಣೆಯುಳ್ಳ ಡಾಕ್ಟರು ಏನು ಮಾಡುತ್ತಾರೆ? ಹಿಂದಿದ್ದವರನ್ನು ಮುಂದೆ ಕಳಿಸಿ ಈ ಹುಡುಗನಿಗೆ ಸೀರಮ್ ಸಿಗುವ ಹಾಗೆ ನೋಡಿಕೊಳ್ಳುತ್ತಾರೆ. ಅವರ ಜಾಗದಲ್ಲಿದ್ದರೆ ನನಗೂ ಹಾಗೇ ಮಾಡಬೇಕೆನಿಸುತ್ತಿತ್ತು. ಹತ್ತಾರು ವಾರ್ಡುಗಳಲ್ಲಿ ಇದು ನಡೆದರೆ ಕೊನೆಗೆ ಒಂದು ಗುಂಪಿನಲ್ಲಿ ಹೆಚ್ಚು ನರಳುವವರು, ಇನ್ನೊಂದರಲ್ಲಿ ಗಟ್ಟಿಮುಟ್ಟಾದವರು ಸೇರಿರುತ್ತಾರೆ. ಸೀರಮ್ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ತಿಳಿಯದೆ ಹೋಗುತ್ತದೆ. ಟ್ರಯಲ್ ಕಟ್ಟುವವರು ಮೋಸಗಾರರಿಗೆ ಹೆದರಿ ಲಕೋಟೆ ಅಂಟಿಸುವುದಲ್ಲ. ಅವರಿಗೆ ಭಯವಿರುವುದು ಒಳ್ಳೆಯವರ ಮರುಕದ್ದು.

ಈ ಭಯ ಉತ್ಪ್ರೇಕ್ಷೆಯಲ್ಲ. 1995ರಲ್ಲಿ ಕೆನೆತ್ ಶುಲ್ಜ್ ಎಂಬ ಸಂಶೋಧಕ ಟ್ರಯಲ್‌ಗಳಲ್ಲಿ ಕೆಲಸ ಮಾಡಿದವರು ಹೇಳಿಕೊಂಡದ್ದನ್ನು ಸಂಗ್ರಹಿಸಿ ಬರೆದರು. ಲಕೋಟೆಯನ್ನು ದೀಪದ ಬೆಳಕಿಗೆ ಹಿಡಿದು ಒಳಗಿನ ಅಕ್ಷರ ಓದಿದವರಿದ್ದರು. ಸಾಲದೆಂದು ಎಕ್ಸ್‌ರೇ ವಿಭಾಗದ ಪ್ರಖರ ದೀಪದ ಹತ್ತಿರ ಕೊಂಡೊಯ್ದವರಿದ್ದರು. ರಾತ್ರಿ ಮುಖ್ಯ ಸಂಶೋಧಕರ ಕೋಣೆಗೆ ಹೋಗಿ ಪಟ್ಟಿಗಾಗಿ ಕಡತ ತಡಕಾಡಿದವರೂ ಇದ್ದರು. ಅದೇ ವರ್ಷ ಶುಲ್ಜ್ ಮತ್ತು ಸಂಗಡಿಗರು 250 ಟ್ರಯಲ್‌ಗಳನ್ನು ಅಳೆದು ನೋಡಿದಾಗ, ಚೀಟಿಯ ಗುಟ್ಟನ್ನು ಸರಿಯಾಗಿ ಕಾಯದ ಟ್ರಯಲ್‌ಗಳಲ್ಲಿ ಚಿಕಿತ್ಸೆಯ ಫಲ ಸರಾಸರಿ ಶೇ 41ರಷ್ಟು ಉಬ್ಬಿಕೊಂಡು ಕಂಡಿತ್ತು. ಹೀಗಾಗಿ ಲಕೋಟೆಗಳು ದಪ್ಪನಾದವು, ಒಳಗೆ ಬೆಳಕು ತೂರದ ಹಾಳೆ ಬಂತು, ಆಮೇಲೆ ದೂರದ ಊರಿಗೆ ಫೋನ್ ಮಾಡಿ ಕೇಳುವ ಪದ್ಧತಿ ಬಂತು, ಈಗ ಕಂಪ್ಯೂಟರು.

ಕಂಪ್ಯೂಟರಿಗೂ ಒಂದು ಎಚ್ಚರ ಬೇಕು. ಎರಡು ಗುಂಪೂ ಸಮನಾಗಿರಲೆಂದು ಕೆಲವರು ನಾಲ್ಕು ನಾಲ್ಕು ರೋಗಿಗಳ ಕಂತು ಮಾಡುತ್ತಾರೆ, ಪ್ರತಿ ನಾಲ್ವರಲ್ಲಿ ಇಬ್ಬರು ಈ ಕಡೆ, ಇಬ್ಬರು ಆ ಕಡೆ. ಯಾವ ಔಷಧ ಎಂಬುದು ಕೊಟ್ಟ ಮೇಲೆ ಗೊತ್ತಾಗುವಂಥ ಟ್ರಯಲ್ ಆದರೆ, ಮೊದಲ ಮೂವರನ್ನು ನೋಡಿದವರಿಗೆ ನಾಲ್ಕನೆಯವರದು ತಾನಾಗಿ ತಿಳಿಯುತ್ತದೆ. ಅದಕ್ಕೇ ಕಂತಿನ ಅಳತೆಯನ್ನೇ ಒಮ್ಮೆ ನಾಲ್ಕು, ಒಮ್ಮೆ ಆರು, ಒಮ್ಮೆ ಎಂಟು ಎಂದು ಬದಲಾಯಿಸುತ್ತ ಹೋಗುತ್ತಾರೆ, ಅದನ್ನು ಆಸ್ಪತ್ರೆಯವರಿಗೆ ಹೇಳುವುದೂ ಇಲ್ಲ.

ಚೀಟಿ ಎತ್ತುವುದರಿಂದ ಗುಂಪುಗಳು ಸಮನಾಗುವುದು ಹೇಗೆ ಎಂದು ದೊಡ್ಡಮ್ಮ ಬಸ್ಸಿನಲ್ಲೇ ಕೇಳಿದ್ದರು. ಅವರು ರೈತರ ಮನೆಯವರಾದ್ದರಿಂದ ನಾನು ಹೊಲದ ಉದಾಹರಣೆ ಕೊಟ್ಟೆ. ಅದು ನನ್ನದಲ್ಲ, ಈ ವಿದ್ಯೆ ಹುಟ್ಟಿದ್ದೇ ಹೊಲದಲ್ಲಿ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದರು. ಹೊಲದ ಒಂದು ಮೂಲೆ ಜೌಗು, ಇನ್ನೊಂದು ಮೂಲೆ ಕಲ್ಲು, ಮರದ ನೆರಳು ಬೀಳುವ ಕಡೆ ಪೈರು ಸೊರಗುತ್ತದೆ. ಹೊಸ ಗೊಬ್ಬರವನ್ನು ಎಡಭಾಗಕ್ಕೂ ಹಳೆಯದನ್ನು ಬಲಭಾಗಕ್ಕೂ ಹಾಕಿದರೆ ಇಳುವರಿ ಹೆಚ್ಚಿಸಿದ್ದು ಗೊಬ್ಬರವೋ ಮಣ್ಣೋ? ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿಗೆ ಬಿಟ್ಟರೆ ಜೌಗು, ಕಲ್ಲು, ನೆರಳು ಎರಡು ಗೊಬ್ಬರಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ನಮಗೆ ಗೊತ್ತಿರುವ ದೋಷಗಳಷ್ಟೇ ಅಲ್ಲ, ಮಣ್ಣಿನಡಿ ಇರುವ, ನಾವು ಊಹಿಸಿಯೂ ಇರದ ದೋಷಗಳೂ ಹಂಚಿಹೋಗುತ್ತವೆ. ಚೀಟಿಯ ದೊಡ್ಡ ಉಪಕಾರ ಇದೇ. ವಯಸ್ಸು, ತೂಕ, ಸಕ್ಕರೆಯ ಮಟ್ಟ ನೋಡಿ ನಾವೇ ಕೂತು ಜೋಡಿ ಮಾಡಬಹುದು. ಆದರೆ ಒಬ್ಬರ ಮನೆಯಲ್ಲಿ ಕಾಲೊತ್ತುವ ಮೊಮ್ಮಗಳಿದ್ದಾಳೆ, ಇನ್ನೊಬ್ಬರು ಒಂಟಿ ಎಂಬುದು ಯಾವ ಫಾರಂನಲ್ಲೂ ಇರುವುದಿಲ್ಲ. ಚೀಟಿ ಅದನ್ನೂ ಹಂಚುತ್ತದೆ. ಒಂದೇ ಷರತ್ತು, ತಾಕುಗಳು ಸಾಕಷ್ಟಿರಬೇಕು. ಹತ್ತು ರೋಗಿಗಳಲ್ಲಿ ಚೀಟಿಯ ಆಟವೇ ಹೆಚ್ಚು, ಹಂಚಿಕೆ ಕಡಿಮೆ. ಎಷ್ಟು ದೊಡ್ಡ ವ್ಯತ್ಯಾಸ ಕಂಡರೆ ರೋಗಿಗೆ ಉಪಯೋಗ ಎಂದು ಮೊದಲೇ ತೀರ್ಮಾನಿಸಿ, ಅದನ್ನು ಕಾಣಲು ಎಷ್ಟು ಜನ ಬೇಕೆಂದು ಲೆಕ್ಕ ಹಾಕಿಯೇ ಟ್ರಯಲ್ ಶುರು ಮಾಡಬೇಕು.

ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲಿ ಒಟ್ಟು 107 ಜನ. 55 ಜನಕ್ಕೆ ಔಷಧ ಮತ್ತು ವಿಶ್ರಾಂತಿ, 52 ಜನಕ್ಕೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧದ ಗುಂಪಿನಲ್ಲಿ ನಾಲ್ವರು, ಇನ್ನೊಂದರಲ್ಲಿ ಹದಿನಾಲ್ವರು ತೀರಿಕೊಂಡರು. 1948ರ ಅಕ್ಟೋಬರ್ 30ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಅಚ್ಚಾಯಿತು. ಔಷಧ ಕೆಲಸ ಮಾಡುತ್ತದೆ ಎಂಬುದರ ಜೊತೆಗೇ ಕ್ಷಯದ ಕ್ರಿಮಿ ಕೆಲವೇ ತಿಂಗಳಲ್ಲಿ ಅದಕ್ಕೆ ಬಗ್ಗದ ಹಾಗೆ ಮಾರ್ಪಡುತ್ತದೆ ಎಂಬುದೂ ಅಲ್ಲೇ ಕಂಡಿತ್ತು. ಐದು ವರ್ಷದ ಹೊತ್ತಿಗೆ ಎರಡು ಗುಂಪುಗಳ ಸಾವಿನ ಲೆಕ್ಕ 32 ಮತ್ತು 35, ಹತ್ತಿರ ಹತ್ತಿರ ಬಂದುಬಿಟ್ಟಿತ್ತು. ಹೋಲಿಕೆಯ ಗುಂಪು ಇಲ್ಲದೆ ಆರು ತಿಂಗಳ ಸಂಭ್ರಮದಲ್ಲೇ ನಿಂತಿದ್ದರೆ ಈ ಪಾಠ ಎಷ್ಟು ತಡವಾಗುತ್ತಿತ್ತೋ. ಒಂದೇ ಔಷಧ ಸಾಲದು, ಜೊತೆಗೆ ಇನ್ನೊಂದು ಬೇಕು ಎಂದು ಮುಂದಿನ ಟ್ರಯಲ್‌ನಲ್ಲೇ ಗೊತ್ತಾಯಿತು. ಇವತ್ತಿಗೂ ಕ್ಷಯದವರು ಹಲವು ಔಷಧಗಳನ್ನು ಕೂಡಿಸಿ ನುಂಗುವುದರ ಹಿಂದೆ ಆ ಪಾಠವಿದೆ.

ಆ ಟ್ರಯಲ್‌ನಲ್ಲಿ ಇವತ್ತು ಒಪ್ಪಲಾಗದ್ದೊಂದು ಇತ್ತು. ತಾವು ಟ್ರಯಲ್‌ನಲ್ಲಿದ್ದೇವೆಂದೇ ಹೋಲಿಕೆಯ ಗುಂಪಿನವರಿಗೆ ಹೇಳಿರಲಿಲ್ಲ. ದೊಡ್ಡಮ್ಮನ ಕೈಗೆ ಬಂದ ಕನ್ನಡದ ಆ ಒಪ್ಪಿಗೆ ಪತ್ರ, ಓದಿ ಹೇಳುವ ಆ ತಾಳ್ಮೆ, ಬೇಡವೆನ್ನುವ ಅವರ ಹಕ್ಕು, ಇವೆಲ್ಲ ಆಮೇಲೆ ಕಷ್ಟಪಟ್ಟು ಗಳಿಸಿಕೊಂಡದ್ದು.

ಇನ್ನು ಕಣ್ಣು ಕಟ್ಟುವ ವಿಷಯ, ಅಂದರೆ ಯಾರಿಗೆ ಯಾವ ಮಾತ್ರೆ ಎಂಬುದು ಗೊತ್ತಾಗದ ಹಾಗೆ ಮಾಡುವುದು. ಚೀಟಿ ಎತ್ತಿ ಗುಂಪು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ನಮ್ಮ ಗಾದೆಯಂತೆ, ಹೊಸ ಔಷಧದ ವಿಷಯದಲ್ಲಿ ಇಬ್ಬರ ಬಯಕೆಯೂ ಒಂದೇ, ಗುಣವಾಗಲಿ ಎಂದು. ತನಗೆ ಹೊಸ ಮಾತ್ರೆ ಸಿಕ್ಕಿದೆ ಎಂದು ಗೊತ್ತಾದವರಿಗೆ ಉರಿ ನಿಜಕ್ಕೂ ಕಡಿಮೆ ಅನ್ನಿಸುತ್ತದೆ. ಅದು ನಾಟಕವಲ್ಲ. ನೋವನ್ನು ಅಳೆಯುವ ಥರ್ಮಾಮೀಟರ್ ಇಲ್ಲ, ನೋವು ಎಷ್ಟಿದೆಯೆಂದು ಹೇಳಬೇಕಾದವರು ನೊಂದವರೇ.

1975ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಿಂದ ಇದನ್ನು ಕಲಿಯಬಹುದು. ವಿಟಮಿನ್ ಸಿ ನೆಗಡಿಯನ್ನು ತಡೆಯುತ್ತದೆಯೇ ಎಂದು ನೋಡಲು ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನೌಕರರಿಗೇ ಕ್ಯಾಪ್ಸೂಲ್ ಹಂಚಿದರು. ಅರ್ಧ ಜನರದ್ದರಲ್ಲಿ ವಿಟಮಿನ್, ಉಳಿದವರದ್ದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಕುತೂಹಲ ತಡೆಯಲಾರದೆ ಕೆಲವರು ಕ್ಯಾಪ್ಸೂಲ್ ಬಿಚ್ಚಿ ನಾಲಿಗೆಗೆ ಹಚ್ಚಿ ನೋಡಿದರು. ಹುಳಿಯಾದರೆ ವಿಟಮಿನ್, ಸಿಹಿಯಾದರೆ ಅಲ್ಲ. ಕೊನೆಗೆ ಲೆಕ್ಕ ಬಿಡಿಸಿದಾಗ ಸಂಶೋಧಕರು ಒಂದು ಪ್ರಾಮಾಣಿಕ ಕೆಲಸ ಮಾಡಿದರು. ತಮಗೆ ಬಂದದ್ದು ಯಾವುದೆಂದು ಊಹಿಸಿದವರನ್ನು ಬೇರೆ ಮಾಡಿ ನೋಡಿದರು. ವಿಟಮಿನ್‌ನಿಂದ ನೆಗಡಿಯ ದಿನಗಳು ಕಡಿಮೆಯಾದಂತೆ ಕಂಡದ್ದು ಆ ಊಹೆಯ ಜೊತೆಗೇ ಹೋಗುತ್ತಿತ್ತು. ಏನೂ ಗೊತ್ತಿಲ್ಲದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇಡೀ ಅಧ್ಯಯನವನ್ನು ಒಂದು ನಾಲಿಗೆಯ ತುದಿ ಕೆಡಿಸಿತು.

ಹುಸಿಮಾತ್ರೆ ಮಾಡುವುದು ಎಷ್ಟು ಸೂಕ್ಷ್ಮದ ಕಸುಬು ಎಂದು ಇದರಿಂದ ತಿಳಿಯುತ್ತದೆ. ಬಣ್ಣ, ತೂಕ, ಕಹಿ, ವಾಸನೆ ಎಲ್ಲ ಒಂದೇ ಇರಬೇಕು. ನೀರಿಗೆ ಹಾಕಿದರೆ ಕರಗುವ ವೇಗವೂ ಒಂದೇ ಇರಬೇಕು. ನಿಜವಾದ ಔಷಧ ಬಾಯಿ ಒಣಗಿಸಿದರೆ, ಮೂತ್ರದ ಬಣ್ಣ ಬದಲಾಯಿಸಿದರೆ ಅದಕ್ಕೂ ಏನಾದರೂ ಉಪಾಯ ಹುಡುಕಬೇಕು. ಎರಡು ಔಷಧಗಳನ್ನೇ ಹೋಲಿಸುವಾಗ, ಒಂದು ಮಾತ್ರೆ ಇನ್ನೊಂದು ಇಂಜೆಕ್ಷನ್ ಆದರೆ, ಪ್ರತಿಯೊಬ್ಬರಿಗೂ ಮಾತ್ರೆಯನ್ನೂ ಇಂಜೆಕ್ಷನ್ನನ್ನೂ ಕೊಡುತ್ತಾರೆ, ಒಂದು ನಿಜ, ಒಂದು ಹುಸಿ. ಯಾವ ಡಬ್ಬಿಯಲ್ಲಿ ಯಾವುದು ಎಂಬ ಗುಟ್ಟಿನ ಪಟ್ಟಿ ರೋಗಿಯನ್ನು ಎಂದೂ ನೋಡದ ಯಾರೋ ಒಬ್ಬರ ಬಳಿ ಇರುತ್ತದೆ. ರೋಗಿಗೆ ಹೆಚ್ಚುಕಡಿಮೆಯಾದರೆ, ಏನು ನುಂಗಿದ್ದಾರೆಂದು ತಿಳಿಯದೆ ಚಿಕಿತ್ಸೆಯೇ ಸಾಧ್ಯವಿಲ್ಲ ಎಂದಾದರೆ, ಆ ರೋಗಿಯ ಗುಟ್ಟು ಮಾತ್ರ ರಾತ್ರಿ ಎರಡು ಗಂಟೆಗಾದರೂ ಬಿಚ್ಚುವ ಏರ್ಪಾಡು ಇರಲೇಬೇಕು. ದೊಡ್ಡಮ್ಮನಿಗೆ ಕೊಟ್ಟ ಕಾರ್ಡಿನಲ್ಲಿ ಅಂಥದೊಂದು ಫೋನ್ ನಂಬರ್ ಇತ್ತು.

ಡಾಕ್ಟರ ಕಣ್ಣೇಕೆ ಕಟ್ಟಬೇಕು, ಅವರು ಓದಿದವರಲ್ಲವೇ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಓದಿದವರಿಗೂ ಅನ್ವಯಿಸುತ್ತದೆ. ನರಮಂಡಲದ ರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೆನಡಾದಲ್ಲಿ ನಡೆದ ಒಂದು ಟ್ರಯಲ್‌ನಲ್ಲಿ ಪ್ರತಿ ರೋಗಿಯನ್ನೂ ಇಬ್ಬರು ನರರೋಗ ತಜ್ಞರು ಪರೀಕ್ಷಿಸುತ್ತಿದ್ದರು. ಒಬ್ಬರಿಗೆ ಚಿಕಿತ್ಸೆ ಯಾವುದೆಂದು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಅದೇ ರೋಗಿ, ಅದೇ ಕೈಕಾಲು, ಅದೇ ಅಳತೆಗೋಲು. 1994ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಗೊತ್ತಿದ್ದ ತಜ್ಞರು ಕೊಟ್ಟ ಅಂಕಗಳ ಪ್ರಕಾರ ಒಂದು ಚಿಕಿತ್ಸೆ ಫಲ ಕೊಟ್ಟಿತ್ತು. ಗೊತ್ತಿಲ್ಲದ ತಜ್ಞರ ಅಂಕಗಳಲ್ಲಿ ಆ ಫಲ ಇರಲೇ ಇಲ್ಲ. ಸುಳ್ಳು ಬರೆದವರು ಒಬ್ಬರೂ ಇರಲಿಲ್ಲ.

ಶಸ್ತ್ರಚಿಕಿತ್ಸೆಯಲ್ಲೂ ಇದನ್ನು ಮಾಡಿ ನೋಡಿದ್ದಾರೆ. 1950ರ ದಶಕದಲ್ಲಿ ಎದೆನೋವಿಗೆ ಎದೆಗೂಡಿನ ಒಳಗಿನ ರಕ್ತನಾಳವೊಂದನ್ನು ಕಟ್ಟುವ ಶಸ್ತ್ರಕ್ರಿಯೆ ಹೆಸರು ಮಾಡಿತ್ತು. ಮಾಡಿಸಿಕೊಂಡವರು ನೋವು ಹೋಯಿತೆಂದು ಹೇಳುತ್ತಿದ್ದರು. 1959ರಲ್ಲಿ ಲೆನಾರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳಲ್ಲಿ ಕೆಲವರಿಗೆ ನಾಳ ಕಟ್ಟಿದರು, ಕೆಲವರಿಗೆ ಸೀಳಿ, ನಾಳ ಕಟ್ಟದೆ ಹಾಗೇ ಹೊಲಿದರು. ಆಪರೇಷನ್ ಟೇಬಲ್ಲಿನ ಪಕ್ಕದಲ್ಲೇ ಚೀಟಿ ಬಿಚ್ಚಿದ್ದು. ಎರಡು ಗುಂಪಿನವರಿಗೂ ಒಂದೇ ಬಗೆಯ ಆರಾಮ. ಆ ಶಸ್ತ್ರಕ್ರಿಯೆ ಅಲ್ಲಿಂದ ಕಣ್ಮರೆಯಾಯಿತು. ಬೇಕಿಲ್ಲದ ಗಾಯ ಮಾಡುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಆದರೆ ಆ ಹದಿನೇಳು ಜನರಿಂದಾಗಿ ಮುಂದೆ ಎಷ್ಟು ಎದೆಗಳು ಸುಮ್ಮನೆ ಕೊಯ್ಯಿಸಿಕೊಳ್ಳುವುದು ತಪ್ಪಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಎಲ್ಲ ಕಡೆಯೂ ಕಣ್ಣು ಕಟ್ಟಲಾಗುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲೇ, ದಿನಕ್ಕೆ ನಾಲ್ಕು ಇಂಜೆಕ್ಷನ್‌ನಂತೆ ನಾಲ್ಕು ತಿಂಗಳು ಬರೀ ನೀರು ಚುಚ್ಚುವುದು ಬೇಡವೆಂದು ಹುಸಿ ಇಂಜೆಕ್ಷನ್ ಕೈಬಿಟ್ಟರು. ಬದಲಿಗೆ ಎಕ್ಸ್‌ರೇ ಓದುವವರ ಕಣ್ಣು ಕಟ್ಟಿದರು. ಯಾವ ಚಿತ್ರ ಯಾವ ಗುಂಪಿನದೆಂದು ತಿಳಿಯದೆ ಮೂವರು ಬೇರೆಬೇರೆಯಾಗಿ ಕೂತು ಓದಿದರು.

ನಮ್ಮ ಪಕ್ಕದ ಮದ್ರಾಸಿನಲ್ಲಿ 1950ರ ದಶಕದಲ್ಲಿ ನಡೆದ ಟ್ರಯಲ್‌ನಲ್ಲಂತೂ ಯಾರ ಕಣ್ಣನ್ನು ಕಟ್ಟುವುದು? ಕ್ಷಯದವರು ಸ್ಯಾನಟೋರಿಯಂನಲ್ಲೇ ಇರಬೇಕೋ, ಮನೆಯಲ್ಲೇ ಮಾತ್ರೆ ನುಂಗಿದರೆ ಸಾಕೋ ಎಂಬುದು ಪ್ರಶ್ನೆ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ನೋಡಿದವರಿಗೆ ಗೊತ್ತು, ಊರಾಚೆ ಗಾಳಿಬೆಳಕಿನ ಜಾಗದಲ್ಲಿ ತಿಂಗಳುಗಟ್ಟಲೆ ಇರುವುದೇ ಚಿಕಿತ್ಸೆ ಎಂದು ನಂಬಿದ್ದ ಕಾಲ ಅದು. ಆದರೆ ಲಕ್ಷಗಟ್ಟಲೆ ರೋಗಿಗಳಿಗೆ ಮಂಚಗಳೆಲ್ಲಿ? ವೈದ್ಯ ವಾಲೆಸ್ ಫಾಕ್ಸ್ ಅವರ ನೇತೃತ್ವದಲ್ಲಿ ಮದ್ರಾಸಿನ ಬಡಬೀದಿಗಳ ರೋಗಿಗಳನ್ನು ಚೀಟಿಯ ಪ್ರಕಾರ ಮನೆಗೆ ಕೆಲವರನ್ನು, ಸ್ಯಾನಟೋರಿಯಂಗೆ ಕೆಲವರನ್ನು ಕಳಿಸಿ ಒಂದು ವರ್ಷ ಎರಡು ಗುಂಪಿಗೂ ಅವೇ ಔಷಧಗಳನ್ನು ಕೊಟ್ಟರು. ಮನೆಯವರಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ, ಒಂದೇ ಕೋಣೆಯಲ್ಲಿ ಐದಾರು ಜನ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪೂ ಸರಿಸುಮಾರು ಒಂದೇ ಮಟ್ಟದಲ್ಲಿ ಗುಣವಾಗಿದ್ದವು. ರೋಗಿ ಮನೆಯಲ್ಲಿದ್ದಾನೆಂದು ಮನೆಮಂದಿಗೆ ಕ್ಷಯ ಹೆಚ್ಚಾಗಿ ಹತ್ತಲೂ ಇಲ್ಲ. ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿ ರೂಪುಗೊಂಡು 1962ರಲ್ಲಿ ದೇಶಕ್ಕೆ ಬಂದ ಕ್ಷಯ ಕಾರ್ಯಕ್ರಮ ಮನೆಯಲ್ಲೇ ಚಿಕಿತ್ಸೆ ಎಂಬ ತಳಹದಿಯ ಮೇಲೆ ನಿಂತಿತು. ತಾಲ್ಲೂಕು ಆಸ್ಪತ್ರೆಯಿಂದ ಮಾತ್ರೆ ತಂದು ಮನೆಯಲ್ಲೇ ಗುಣವಾದ ನಮ್ಮ ಊರಿನ ಎಷ್ಟೋ ಜನ ಮದ್ರಾಸಿನ ಆ ಚೀಟಿಗಳಿಗೆ ಋಣಿಗಳು.

ಕೋವಿಡ್ ಕಾಲದ ಪ್ಲಾಸ್ಮಾ ಎಲ್ಲರಿಗೂ ನೆನಪಿದೆ. ಗುಣವಾದವರ ಪ್ಲಾಸ್ಮಾ ಬೇಕು, ಇಂಥ ಗ್ರೂಪು, ಅರ್ಜೆಂಟ್ ಎಂದು ರಾತ್ರಿಯೆಲ್ಲ ವಾಟ್ಸಾಪ್‌ನಲ್ಲಿ ಅಂಗಲಾಚುತ್ತಿದ್ದೆವು. ನಾನೂ ಇಬ್ಬರಿಗಾಗಿ ಅಲೆದಿದ್ದೇನೆ. ಅಷ್ಟರಲ್ಲಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿಯ ಪ್ರಕಾರ ಎರಡು ಗುಂಪು ಮಾಡಿ ನೋಡಿ ಮುಗಿಸಿತ್ತು. ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ಇದು ಪ್ರಕಟವಾದದ್ದು 2020ರ ಅಕ್ಟೋಬರ್‌ನಲ್ಲಿ. ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾವನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ನಡುವಿನ ಏಳು ತಿಂಗಳಲ್ಲಿ ಎಷ್ಟು ಮನೆಯವರು ಪ್ಲಾಸ್ಮಾಕ್ಕಾಗಿ ಓಡಾಡಿದರು, ಸಿಗಲಿಲ್ಲವೆಂದು ಎಷ್ಟು ಮಕ್ಕಳು ಇವತ್ತಿಗೂ ತಮ್ಮನ್ನೇ ಹಳಿದುಕೊಳ್ಳುತ್ತಿದ್ದಾರೆ ಎಂದು ನೆನೆದರೆ ಸಂಕಟವಾಗುತ್ತದೆ. ಸಾಕ್ಷ್ಯ ಸಿಕ್ಕಿದರೆ ಸಾಲದು, ಅದನ್ನು ಕೇಳಿಸಿಕೊಳ್ಳುವ ಮನಸ್ಸೂ ಬೇಕು. 2020ರಲ್ಲೇ ಬ್ರಿಟನ್ನಿನ ರಿಕವರಿ ಟ್ರಯಲ್, ಅಗ್ಗದ ಹಳೆಯ ಔಷಧವಾದ ಡೆಕ್ಸಾಮೆಥಸೋನ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಶೇ 41ರಿಂದ 29ಕ್ಕೆ ಇಳಿಸುತ್ತದೆಂದು ತೋರಿಸಿತು. ಅಲ್ಲಿ ಯಾರ ಕಣ್ಣನ್ನೂ ಕಟ್ಟಿರಲಿಲ್ಲ. ಬದುಕಿದ್ದಾರೋ ಇಲ್ಲವೋ ಎಂಬುದನ್ನು ಬಯಕೆ ಬದಲಾಯಿಸಲಾರದು. ಅಳೆಯುವುದು ಏನನ್ನು ಎಂಬುದರ ಮೇಲೆ ಕಣ್ಣು ಕಟ್ಟುವುದು ಎಷ್ಟು ಮುಖ್ಯ ಎಂಬುದು ನಿಂತಿದೆ.

ಏನನ್ನು ಅಳೆಯುತ್ತೇವೆ ಎಂಬುದನ್ನು ಮೊದಲೇ ಬರೆದು ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಇಲ್ಲದಿದ್ದರೆ ಹತ್ತು ಬಗೆಯಲ್ಲಿ ಅಳೆದು, ಗೆದ್ದದ್ದೊಂದನ್ನೇ ಹೇಳಿ ಉಳಿದ ಒಂಬತ್ತನ್ನು ನುಂಗಿಬಿಡಬಹುದು. ಭಾರತದಲ್ಲಿ ಟ್ರಯಲ್‌ಗಳ ನೋಂದಣಿ ಪಟ್ಟಿ 2007ರಲ್ಲಿ ಆರಂಭವಾಗಿ, 2009ರ ಜೂನ್‌ನಿಂದ ಔಷಧ ಟ್ರಯಲ್‌ಗಳಿಗೆ ಕಡ್ಡಾಯವಾಯಿತು. ಯಾರು ಬೇಕಾದರೂ ತೆರೆದು ನೋಡಬಹುದು.

"ಔಷಧ ಇದೆ ಅಂತ ಗೊತ್ತಿದ್ದೂ ಅರ್ಧ ಜನಕ್ಕೆ ಕೊಡದೇ ಇರೋದು ಪಾಪ ಅಲ್ವೇನೋ?" ದೊಡ್ಡಮ್ಮನ ಈ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು. ಗೊತ್ತಿದ್ದರೆ ಖಂಡಿತ ಪಾಪ. ನಿಜವಾಗಿಯೂ ಗೊತ್ತಿಲ್ಲದಿರುವಾಗ ಮಾತ್ರ ಟ್ರಯಲ್ ಮಾಡಲು ನಮಗೆ ಹಕ್ಕಿದೆ. ಕಷ್ಟವೆಂದರೆ, ಗೊತ್ತಿದೆ ಎಂದು ಗಟ್ಟಿಯಾಗಿ ನಂಬಿದ್ದು ಎಷ್ಟೋ ಸಲ ಗೊತ್ತಿರುವುದಿಲ್ಲ. ಹೃದಯಾಘಾತದಿಂದ ಉಳಿದವರಲ್ಲಿ ಎದೆಬಡಿತ ಆಗಾಗ ತಾಳ ತಪ್ಪಿದರೆ ಹಠಾತ್ ಸಾವಿನ ಭಯ ಹೆಚ್ಚು. ತಾಳ ಸರಿಪಡಿಸುವ ಎನ್‌ಕೇನೈಡ್, ಫ್ಲೆಕೇನೈಡ್ ಎಂಬ ಔಷಧಗಳಿದ್ದವು. ಇಸಿಜಿಯಲ್ಲಿ ತಾಳ ಸರಿಯಾಗುವುದು ಕಣ್ಣಿಗೇ ಕಾಣುತ್ತಿತ್ತು. ಇಷ್ಟು ಸ್ಪಷ್ಟವಿರುವಾಗ ಹುಸಿಮಾತ್ರೆ ಕೊಡುವುದು ಅನ್ಯಾಯ ಎಂದವರಿದ್ದರು. ಆದರೂ ಅಮೆರಿಕದಲ್ಲಿ ಟ್ರಯಲ್ ನಡೆಯಿತು. ಸಂಶೋಧಕರಿಗೆ ಕಾಣದ ಅಂಕಿಗಳನ್ನು ಆಗಾಗ ನೋಡುತ್ತಿದ್ದ ಸ್ವತಂತ್ರ ಸಮಿತಿ 1989ರಲ್ಲಿ ಈ ಎರಡು ಔಷಧಗಳನ್ನು ನಡುವೆಯೇ ನಿಲ್ಲಿಸಿತು. ಅಂತಿಮ ಲೆಕ್ಕದಲ್ಲಿ ಹುಸಿಮಾತ್ರೆ ನುಂಗಿದ 743 ಜನರಲ್ಲಿ ಸತ್ತವರು 26. ನಿಜವಾದ ಔಷಧ ನುಂಗಿದ 755 ಜನರಲ್ಲಿ 63. ಟ್ರಯಲ್‌ನ ಹೊರಗೆ ಇದೇ ಔಷಧಗಳನ್ನು ಒಳ್ಳೆಯ ಮನಸ್ಸಿನಿಂದಲೇ ಬರೆದುಕೊಟ್ಟಿದ್ದ ಡಾಕ್ಟರುಗಳನ್ನೂ ನುಂಗಿದ ರೋಗಿಗಳನ್ನೂ ನೆನೆದಾಗಲೆಲ್ಲ, ಆ ಚಿಕ್ಕ ಡಾಕ್ಟರು ಹೇಳಿದ "ನಮಗೂ ಗೊತ್ತಿರಲ್ಲಮ್ಮ" ಎಂಬ ಮಾತು ನನಗೆ ತುಂಬ ದೊಡ್ಡದಾಗಿ ಕೇಳಿಸುತ್ತದೆ.

ದೊಡ್ಡಮ್ಮ ಮುಂದಿನ ವಾರ ಹೋಗಿ ಸಹಿ ಹಾಕಿದರು. ಹನ್ನೆರಡು ವಾರ ಮಾತ್ರೆ. ಪ್ರತಿ ರಾತ್ರಿ ಮಲಗುವ ಮುಂಚೆ ಉರಿ ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯಬೇಕು. ಕ್ಯಾಲೆಂಡರಿನ ಪಕ್ಕದ ಮೊಳೆಗೆ ಆ ಪುಸ್ತಕ ನೇತುಹಾಕಿ ಪೆನ್ಸಿಲ್ಲಿಗೆ ದಾರ ಕಟ್ಟಿದ್ದರು. ನಡುವೆ ತಂಗಿಯ ಮೊಮ್ಮಗಳ ಮದುವೆಗೆ ಹೋಗಿ ಐದು ದಿನ ಮಾತ್ರೆ ತಪ್ಪಿತು. ನನ್ನಿಂದ ಅವರ ಲೆಕ್ಕವೆಲ್ಲ ಕೆಟ್ಟಿತೇನೋ, ಹೆಸರು ಹೊಡೆದುಹಾಕಿಸಿಬಿಡಲೇ ಎಂದು ಹೆದರಿ ಫೋನ್ ಮಾಡಿದರೆ, ಬೇಡಮ್ಮ, ತಪ್ಪಿದ್ದನ್ನು ತಪ್ಪಿತೆಂದೇ ಬರೆಯಿರಿ, ನೀವು ಯಾವ ಗುಂಪಿನಲ್ಲಿದ್ದೀರೋ ಆ ಗುಂಪಿನಲ್ಲೇ ನಿಮ್ಮನ್ನು ಕೊನೆತನಕ ಎಣಿಸುತ್ತೇವೆ ಎಂದರಂತೆ. ಸರಿಯಾದ ಮಾತು. ಮಾತ್ರೆ ಬಿಟ್ಟವರನ್ನೆಲ್ಲ ಹೊರಗಿಟ್ಟು ಎಣಿಸಿದರೆ ಚೀಟಿ ಮಾಡಿದ್ದ ಹಂಚಿಕೆ ಅಲ್ಲಿಗೇ ಕೆಡುತ್ತದೆ. ಮಾತ್ರೆ ಸೇರದೆ ಬಿಟ್ಟವರೂ ಆ ಮಾತ್ರೆಯ ಕಥೆಗೆ ಸೇರಿದವರೇ.

ಮೊನ್ನೆ ಹೋದಾಗ ಪುಸ್ತಕ ತೆಗೆದು ತೋರಿಸಿದರು. ಮೊದಲ ಪುಟದಲ್ಲಿ ಏಳು, ಎಂಟು, ಏಳು. ಕೊನೆಯ ಪುಟದಲ್ಲಿ ನಾಲ್ಕು, ಐದು, ನಾಲ್ಕು.

"ಕಮ್ಮಿ ಆಗಿದೆಯಲ್ಲ ದೊಡ್ಡಮ್ಮ."

"ಆಗಿದೆ. ಮಾತ್ರೆಯಿಂದಲೋ, ಚಳಿ ಬಿತ್ತಲ್ಲ ಅದಕ್ಕೋ, ದಿನಾ ಬರೆದು ಬರೆದು ಮನಸ್ಸಿಗೇ ಸಮಾಧಾನವಾಯ್ತೋ. ನಂಗೊಬ್ಬಳಿಗೆ ಆದರೆ ಏನು ಹೇಳೋಕೆ ಬರತ್ತೆ?"

ಇನ್ನೂ ಎಷ್ಟೋ ಜನರ ಹನ್ನೆರಡು ವಾರ ಮುಗಿಯಬೇಕು, ಅಲ್ಲಿಯ ತನಕ ಗುಟ್ಟು ಬಿಚ್ಚುವುದಿಲ್ಲ. ಖಾಲಿ ಡಬ್ಬಿಗಳನ್ನು ವಾಪಸು ಕೊಡುವ ಮುಂಚೆ ಅದರ ಮೇಲಿನ ನಂಬರನ್ನು ಅವರು ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ನಾನು ಫೋನ್ ಮಾಡಿದಾಗಲೆಲ್ಲ ಕುಶಲ ಕೇಳಿ ಮುಗಿಸಿದ ಮೇಲೆ, "ಆಸ್ಪತ್ರೆಯೋರು ಲಕೋಟೆ ಒಡೆದರಂತೇನೋ?" ಎಂದು ಕೇಳುತ್ತಾರೆ.